43 ಸೆಕೆಂಡುಗಳ ತುಣುಕು: ನವಮಾಧ್ಯಮ ಮತ್ತು ಪ್ರಜಾಪ್ರಭುತ್ವ ಕುರಿತ ವಿದ್ಯಾರ್ಥಿ ವಿನಿಮಯವೊಂದರ ಪ್ರಕರಣ ಅಧ್ಯಯನ

ಇದು 2019ರಲ್ಲಿ ಉತ್ತರ ಕರ್ನಾಟಕದ ಒಂದು ಪತ್ರಿಕೋದ್ಯಮ ವಿಭಾಗ ಮತ್ತು ಜರ್ಮನಿಯ ಒಂದು ವಿಶ್ವವಿದ್ಯಾಲಯದ ಮಾಧ್ಯಮ ವಿಭಾಗ ಜೊತೆಗೂಡಿ ನಡೆಸಿದ ವಿದ್ಯಾರ್ಥಿ ವಿನಿಮಯದ ಸಮಯದಲ್ಲಿ ಆದ ಒಂದು ಘಟನೆಯ ದಾಖಲೆ. ಕರ್ನಾಟಕದ ಕಡೆಯಿಂದ ಅದರ ಸಂಯೋಜಕನಾಗಿದ್ದವನು ನಾನು. ಸಂಸ್ಥೆಗಳ, ಊರಿನ, ವ್ಯಕ್ತಿಗಳ ಹೆಸರುಗಳನ್ನು ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನೂ ಬಿಟ್ಟಿದ್ದೇನೆ. ಇಂಥ ಕಾರ್ಯಕ್ರಮ ನಡೆಸಲಿರುವ ಅಧ್ಯಾಪಕರಿಗೆ, ಅದರಲ್ಲೂ ವಿದ್ಯಾರ್ಥಿಗಳನ್ನು ಕ್ಯಾಮೆರಾ ಸಮೇತ ಹಳ್ಳಿಗಳಿಗೆ ಕಳಿಸುವವರಿಗೆ, ಇದು ಉಪಯೋಗಕ್ಕೆ ಬರಬೇಕೆಂಬುದು ನನ್ನ ಆಸೆ.

ಹಿನ್ನೆಲೆ

ನಮ್ಮ ಕಡೆಯಿಂದ ಹನ್ನೊಂದು, ಅವರ ಕಡೆಯಿಂದ ಒಂಬತ್ತು ವಿದ್ಯಾರ್ಥಿಗಳು. ಜನವರಿಯಲ್ಲಿ ಮೂರು ವಾರ ಇಲ್ಲಿ, ಮೇ ತಿಂಗಳಲ್ಲಿ ಎರಡು ವಾರ ಅಲ್ಲಿ. ಇಲ್ಲಿನ ಮೊದಲ ವಾರವನ್ನು ಪೂರ್ತಿ ವಿಚಾರಗೋಷ್ಠಿಗೆ ಮೀಸಲಿಟ್ಟಿದ್ದೆವು. ವಿಷಯವನ್ನು ಕಾನೂನಿನ ಕಡೆಯಿಂದ ಆರಂಭಿಸಿದೆವು, ಏಕೆಂದರೆ ಹೋಲಿಸಲು ಅದೇ ಸುಲಭವೆಂದು ನಮಗನಿಸಿತ್ತು. ಆಕ್ಷೇಪಾರ್ಹ ಸಂದೇಶಗಳನ್ನು ಆನ್‌ಲೈನ್‌ನಲ್ಲಿ ಕಳಿಸುವುದನ್ನು ಅಪರಾಧವೆಂದಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಪಡಿಸಿದ್ದನ್ನು ನಮ್ಮವರು ಮಂಡಿಸಿದರು. ಮುಂಬೈ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಒಂದು ಸಾಲು ಬರೆದದ್ದಕ್ಕೆ, ಅದನ್ನು ಮೆಚ್ಚಿದ್ದಕ್ಕೆ ಇಬ್ಬರು ಯುವತಿಯರನ್ನು 2012ರಲ್ಲಿ ಬಂಧಿಸಿದ್ದರು ಎಂಬುದು ಜರ್ಮನ್ ವಿದ್ಯಾರ್ಥಿಗಳಿಗೆ ನಂಬಲಾಗದ ಸಂಗತಿಯಾಗಿತ್ತು. ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ ತೀರ್ಪು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲೇ ಉಳಿದಿದೆ ಎಂಬುದನ್ನು ನಮ್ಮ ವಿದ್ಯಾರ್ಥಿನಿಯೊಬ್ಬಳು ಹೆಮ್ಮೆಯಿಂದ ಹೇಳಿದಳು. ಅವರ ಕಡೆಯವರು ಆಗ ಜಾರಿಯಲ್ಲಿದ್ದ ಜರ್ಮನಿಯ 2017ರ ಸಾಮಾಜಿಕ ಜಾಲತಾಣ ಕಾಯ್ದೆಯನ್ನು ವಿವರಿಸಿದರು: ಇಪ್ಪತ್ತು ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಜಾಲತಾಣಗಳು, ಮೇಲ್ನೋಟಕ್ಕೇ ಕಾನೂನುಬಾಹಿರವಾದ ಬರಹವನ್ನು ದೂರು ಬಂದ 24 ಗಂಟೆಗಳಲ್ಲಿ ತೆಗೆಯಬೇಕು, ಇಲ್ಲವಾದರೆ ದಂಡ ಐದು ಕೋಟಿ ಯೂರೋವರೆಗೆ ಹೋಗಬಹುದು.

ವದಂತಿಯ ವಿಷಯಕ್ಕೆ ಬಂದಾಗ ಕರ್ನಾಟಕದ ಅನುಭವವೇ ಹೆಚ್ಚು ಹೊತ್ತು ತೆಗೆದುಕೊಂಡಿತು. 2012ರ ಆಗಸ್ಟ್‌ನಲ್ಲಿ ಎಸ್‌ಎಂಎಸ್ ಮತ್ತು ಬಾಯಿಮಾತಿನ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದ್ದರು. ಆಗ ಸರ್ಕಾರ ಒಮ್ಮೆಗೆ ಐದಕ್ಕಿಂತ ಹೆಚ್ಚು ಜನರಿಗೆ ಎಸ್‌ಎಂಎಸ್ ಕಳಿಸುವುದನ್ನು ಕೆಲವು ದಿನ ತಡೆಯಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಅಪರಿಚಿತರನ್ನು ಮಕ್ಕಳ ಕಳ್ಳರೆಂದು ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿಸಿದ್ದರಿಂದ ಹೈದರಾಬಾದಿನ ಯುವಕನೊಬ್ಬನ ಕೊಲೆಯಾಯಿತು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಫಾರ್ವರ್ಡ್ ಮಾಡುವುದಕ್ಕೆ ಐದು ಚಾಟ್‌ಗಳ ಮಿತಿ ಹಾಕಿತು. ನಮ್ಮ ವಿನಿಮಯದ ಎರಡನೆಯ ವಾರದ ಮೊದಲ ದಿನ, 2019ರ ಜನವರಿ 21ರಂದು, ಆ ಮಿತಿ ಇಡೀ ಜಗತ್ತಿಗೆ ಅನ್ವಯವಾಗುತ್ತದೆ ಎಂದು ಕಂಪನಿ ಪ್ರಕಟಿಸಿತು. ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಜರ್ಮನ್ ವಿದ್ಯಾರ್ಥಿಗಳು ತಮ್ಮ ಫೋನುಗಳನ್ನು ತೋರಿಸಿ, ನಿಮ್ಮೂರಿನ ನಿಯಮ ನಮ್ಮೂರಿಗೂ ಬಂತು ಎಂದರು. ಎಲ್ಲರಿಗೂ ವಿಷಯ ಕೈಗೆ ಸಿಕ್ಕಿತೆಂಬ ಭಾವನೆ ಇತ್ತು. ಅದಾಗಿ ಮೂರನೆಯ ದಿನ ನಾವು ಗ್ರಾಮಸಭೆಗೆ ಹೋದೆವು.

ಗ್ರಾಮಸಭೆಯ ದಿನ

ಇಬ್ಬರು ನಮ್ಮವರು, ಇಬ್ಬರು ಅವರವರು ಇದ್ದ ತಂಡವೊಂದು ಪಂಚಾಯಿತಿ ಕಟ್ಟಡದ ಮುಂದಿನ ಪೆಂಡಾಲಿನಲ್ಲಿ ಚಿತ್ರೀಕರಣ ಮಾಡಿತು. ಅಧ್ಯಕ್ಷರಿಂದಲೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದಲೂ ಮೊದಲೇ ಅನುಮತಿ ಪಡೆದಿದ್ದೆವು. ಐರೋಪ್ಯ ಒಕ್ಕೂಟದ ದತ್ತಾಂಶ ಸಂರಕ್ಷಣಾ ನಿಯಮ 2018ರ ಮೇ ತಿಂಗಳಿಂದ ಜಾರಿಯಲ್ಲಿದ್ದುದರಿಂದ, ಮುಖ ಕಾಣುವ ಪ್ರತಿಯೊಬ್ಬರಿಂದಲೂ ಒಪ್ಪಿಗೆ ಪತ್ರ ಬೇಕೆಂದು ಜರ್ಮನ್ ವಿಭಾಗ ಷರತ್ತು ಹಾಕಿತ್ತು. ಇಂಗ್ಲಿಷಿನ ನಮೂನೆಯನ್ನು ನಮ್ಮ ವಿದ್ಯಾರ್ಥಿಗಳು ಒಂದು ರಾತ್ರಿಯಲ್ಲಿ ಕನ್ನಡಕ್ಕೆ ತಂದಿದ್ದರು. ನಾನು ಅದನ್ನು ಓದಿ ಸಹಿ ಹಾಕಿದವನು, ಹಾಗಾಗಿ ಅದರ ಮೊದಲ ವಾಕ್ಯವನ್ನು ಇಲ್ಲಿ ಕೊಡುವುದು ನನ್ನ ಕರ್ತವ್ಯ: ‘ಈ ಮೂಲಕ ದತ್ತಾಂಶ ವಿಷಯಿಯಾದ ನಾನು ಸದರಿ ಸಂಸ್ಕರಣೆಗೆ ಸಮ್ಮತಿಸಿರುತ್ತೇನೆ.’ ಈ ಕಾಗದವನ್ನು ಕೈಗೆ ತೆಗೆದುಕೊಂಡ ಮಹಿಳೆಯೊಬ್ಬರು, ‘ಇದು ರೇಷನ್ ಕಾರ್ಡಿಂದೇನವಾ?’ ಎಂದು ಕೇಳಿದರು. ‘ಅಲ್ರೀ ಅಕ್ಕಾರ, ಬರೇ ವಿಡಿಯೋಕ್ಕ’ ಎಂದಳು ನಮ್ಮ ವಿದ್ಯಾರ್ಥಿನಿ. ಅವರು ಸಹಿ ಮಾಡಿದರು. ಮುಂದೆ ನಡೆದದ್ದೆಲ್ಲ ಅವರ ಮಾತಿನ ಸುತ್ತಲೇ.

ಆ ಮಹಿಳೆ ಕೂಲಿ ಕೆಲಸದವರು. ಸಭೆಯಲ್ಲಿ ಎದ್ದು ನಿಂತು ಎರಡು ನಿಮಿಷ ಹತ್ತು ಸೆಕೆಂಡು ಮಾತನಾಡಿದರು. ಅವರ ಓಣಿಗೆ ಒಂಬತ್ತು ದಿನದಿಂದ ನೀರು ಬಂದಿರಲಿಲ್ಲ. ಮಾತಿನ ಕೊನೆಯ ಭಾಗವನ್ನು ಇದ್ದ ಹಾಗೆಯೇ ಬರೆಯುತ್ತೇನೆ: ‘ನೀರ ಬರಲಿಲ್ಲಂತ ನಾ ಬೈಯಾಂಗಿಲ್ರಿ. ಮೋಟರ್ ಸುಟ್ಟೈತಿ, ಅದು ಯಾರ ಕೈಯಾಗೂ ಇಲ್ಲ. ಆದ್ರ ನಾಳಿ ನೀರ ಇಲ್ಲ ಅಂತ ಹಿಂದಿನ ದಿನ ಒಂದ ಮಾತ ಹೇಳಿದ್ರ, ನಾವು ಕೂಲಿ ಬಿಟ್ಟು ನಳದ ಮುಂದ ಕೊಡ ಇಟಗೊಂಡು ಕುಂದರತಿರಲಿಲ್ಲ. ನಮಗ ಹೇಳಾವ್ರ ಯಾರೂ ಇಲ್ಲ.’

ಆ ಸಂಜೆ ಸಂಕಲನದ ಅಭ್ಯಾಸಕ್ಕೆಂದು ತಂಡ ಈ ಭಾಗವನ್ನೇ ಆರಿಸಿಕೊಂಡಿತು. ಕತ್ತರಿಸುವ ಕೆಲಸ ಮಾಡಿದವನು ಕನ್ನಡ ತಿಳಿಯದ ಜರ್ಮನ್ ವಿದ್ಯಾರ್ಥಿ. ಅವನ ಮುಂದೆ ಇದ್ದದ್ದು ಅವಸರದಲ್ಲಿ ಬರೆದ ಇಂಗ್ಲಿಷ್ ಉಪಶೀರ್ಷಿಕೆ. ಅದರಲ್ಲಿ ‘ಹೇಳುವವರು ಯಾರೂ ಇಲ್ಲ’ ಎಂಬುದು ‘ಕೇಳುವವರು ಯಾರೂ ಇಲ್ಲ’ ಎಂಬ ಅರ್ಥದಲ್ಲಿ ಬಂದಿತ್ತು. ಒಂದೇ ಅಕ್ಷರದ ಅಂತರ, ಆದರೆ ಮಾಹಿತಿ ಕೊಡಿ ಎಂಬ ಬೇಡಿಕೆ ದಿಕ್ಕಿಲ್ಲದವರ ಅಳಲಾಗಿ ಮಾರ್ಪಟ್ಟಿತು. ಮೋಟರ್ ಸುಟ್ಟ ಮಾತು ತಾಂತ್ರಿಕ ವಿವರವೆನಿಸಿ ಹೊರಗುಳಿಯಿತು. ಉಳಿದದ್ದು 43 ಸೆಕೆಂಡು: ಒಂಬತ್ತು ದಿನ, ಒಂದು ಓಣಿ, ಯಾರೂ ಇಲ್ಲ.

ತಂಡದಲ್ಲಿದ್ದ ನಮ್ಮ ಹುಡುಗ ಅದನ್ನು ಆ ಊರಿನ ಯುವಕರ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದ. ನಮ್ಮೂರ ವಿಡಿಯೊ ಕಳಿಸಿ ಎಂದು ಅವರು ಕೇಳಿಕೊಂಡಿದ್ದರು. ರಾತ್ರಿ ಕಳೆಯುವುದರೊಳಗೆ ತುಣುಕಿನ ಕೆಳಗೆ ಯಾರೋ ಒಂದು ಬರಹ ಸೇರಿಸಿದ್ದರು: ಊರಿನ ನೀರಗಂಟಿ ದುಡ್ಡು ಪಡೆದು ಒಂದು ಓಣಿಯ ನೀರನ್ನು ಇನ್ನೊಂದು ಓಣಿಗೆ ಬಿಡುತ್ತಿದ್ದಾನೆ. ಜೊತೆಗೆ ಅವನ ಮೊಬೈಲ್ ಸಂಖ್ಯೆ. ಸುತ್ತಲಿನ ಊರುಗಳ ಗುಂಪುಗಳಿಗೂ ಅದು ಹೋಯಿತು. ಐದರ ಮಿತಿ ಇದ್ದೇ ಇತ್ತು. ಆದರೆ ನೂರಿನ್ನೂರು ಜನರಿರುವ ಐದು ಗುಂಪುಗಳೆಂದರೆ ಒಂದು ಹೋಬಳಿಗೆ ಸಾಕು. ನೀರಗಂಟಿಗೆ ರಾತ್ರಿಯಿಡೀ ಬೈಗುಳದ ಕರೆಗಳು ಬಂದವು. ಅವರು ಫೋನ್ ಆಫ್ ಮಾಡಿ, ಮರುದಿನ ಬೆಳಗಿನ ಜಾವ ವಾಲ್ವ್ ತಿರುಗಿಸಲು ಟ್ಯಾಂಕಿನ ಬಳಿಗೆ ಹೋಗಲಿಲ್ಲ. ಆ ದಿನ ಊರಿನ ಬೇರೆ ಮೂರು ಓಣಿಗಳಿಗೂ ನೀರು ಬರಲಿಲ್ಲ.

ಏನೇನು ಮಾಡಿ ನೋಡಿದೆವು

ಮೊದಲು ಅಳಿಸಲು ಹೋದೆವು. ಕಳಿಸಿದ ಸಂದೇಶವನ್ನು ಎಲ್ಲರಿಗೂ ಅಳಿಸುವ ಸೌಲಭ್ಯ ಆಗ ಸುಮಾರು ಒಂದು ಗಂಟೆಯೊಳಗೆ ಮಾತ್ರ ಸಾಧ್ಯವಿತ್ತು, ನಮಗೆ ಸುದ್ದಿ ತಿಳಿದದ್ದು ಹದಿನಾಲ್ಕು ಗಂಟೆಗಳ ಮೇಲೆ; ಗಂಟೆಯೊಳಗೇ ಅಳಿಸಿದ್ದರೂ ಮುಂದಕ್ಕೆ ಹೋದ ಪ್ರತಿಗಳನ್ನು ಅದು ಮುಟ್ಟುತ್ತಿರಲಿಲ್ಲ. ಮೊದಲ ವಾರದ ಟಿಪ್ಪಣಿಗಳನ್ನು ತೆರೆದು ಕೂತಾಗ ಕಂಡದ್ದು ಇನ್ನೂ ಕಷ್ಟದ ಸಂಗತಿ. ಜರ್ಮನಿಯ ಜಾಲತಾಣ ಕಾಯ್ದೆ ವ್ಯಕ್ತಿಗಳ ನಡುವಿನ ಸಂದೇಶ ಸೇವೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ಮಾತು ನಡೆಯುವುದು ಎಲ್ಲಿ ಎಂದು ಕೇಳದೆ, ಮಾತಿನ ಕಾನೂನನ್ನು ನಾವು ಒಂದು ವಾರ ಹೋಲಿಸಿದ್ದೆವು.

ಎರಡನೆಯದಾಗಿ ತುರ್ತು ಸಭೆ ಕರೆದೆವು. ಅದು ನಾಲ್ಕು ಗಂಟೆ ನಡೆಯಿತು, ಇಂಗ್ಲಿಷಿನಲ್ಲಿ. ಜರ್ಮನ್ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಎಲ್ಲ ಚಿತ್ರೀಕರಣವನ್ನೂ ನಾಶ ಮಾಡಬೇಕೆಂದರು. ಸ್ವಂತ ಚಿತ್ರದ ಮೇಲೆ ವ್ಯಕ್ತಿಗಿರುವ ಹಕ್ಕು ತಮ್ಮಲ್ಲಿ 1907ರಷ್ಟು ಹಳೆಯದು, 1898ರಲ್ಲಿ ಬಿಸ್ಮಾರ್ಕ್ ತೀರಿಕೊಂಡ ಕೋಣೆಗೆ ಇಬ್ಬರು ಛಾಯಾಗ್ರಾಹಕರು ನುಗ್ಗಿ ಶವದ ಚಿತ್ರ ತೆಗೆದ ಪ್ರಕರಣದಿಂದ ಆ ಕಾನೂನು ಹುಟ್ಟಿತು ಎಂದು ಒಬ್ಬಳು ವಿವರಿಸಿದಳು. ಗ್ರಾಮಸಭೆಯೆಂದರೆ ಎಲ್ಲರ ಎದುರು ಮಾತನಾಡುವ ಜಾಗ, ಅಲ್ಲಿ ಆಡಿದ ಮಾತನ್ನು ಮುಚ್ಚಿಡುವುದು ಆಕೆಯ ಧ್ವನಿಯನ್ನೇ ಅಡಗಿಸಿದಂತೆ ಎಂದು ನಮ್ಮವರು ವಾದಿಸಿದರು. ಆಗ ಜರ್ಮನ್ ಪ್ರಾಧ್ಯಾಪಕಿ ತಮ್ಮ ವಿದ್ಯಾರ್ಥಿಗಳನ್ನು ತಡೆದು, ಅದೇ ಕಾನೂನು ಸಭೆ ಮತ್ತು ಮೆರವಣಿಗೆಗಳ ಚಿತ್ರಗಳಿಗೆ ವಿನಾಯಿತಿ ಕೊಡುತ್ತದೆ ಎಂಬುದನ್ನು ನೆನಪಿಸಿದರು. ತಮ್ಮ ಪಕ್ಷದ ವಾದವನ್ನು ತಾವೇ ಸಡಿಲಿಸಿದ ಅವರ ಪ್ರಾಮಾಣಿಕತೆಯನ್ನು ನಾನು ಮರೆಯಲಾರೆ. ಆದರೂ ಸಭೆ ಎರಡು ದೇಶಗಳ ವಾದವಾಗಿಯೇ ಮುಂದುವರಿಯಿತು. ನೀರಗಂಟಿಯ ಮಾತು ಬಂದದ್ದು ಕಡಿಮೆ.

ಮೂರನೆಯ ಗಂಟೆಯಲ್ಲಿ, ಇಡೀ ಸಭೆಯಲ್ಲಿ ತುಟಿ ಬಿಚ್ಚದಿದ್ದ ಜರ್ಮನ್ ವಿದ್ಯಾರ್ಥಿಯೊಬ್ಬ ಕೈಯೆತ್ತಿದ. ಕತ್ತರಿಸಿದವನು ಅವನೇ. ತುಣುಕನ್ನು ಕಳಿಸಿದವನು ಇಷ್ಟು ಹೊತ್ತು ಒಂದು ಮಾತೂ ಆಡಿಲ್ಲ, ಅವನು ಕನ್ನಡದಲ್ಲಿ ಹೇಳಲಿ, ಬೇಕಾದರೆ ನಮಗೆ ಅನುವಾದ ಮಾಡಿ ಎಂದ. ಈ ಪ್ರಕರಣದ ಮೊದಲ ತಿರುವು ಇದೇ ಎಂದು ನನ್ನ ನಿಶ್ಚಿತ ಅಭಿಪ್ರಾಯ. ಆಮೇಲೆ ಟಿಪ್ಪಣಿ ನೋಡಿದಾಗ, ನಮ್ಮ ಹನ್ನೊಂದು ಮಂದಿಯಲ್ಲಿ ಐವರು ಆ ಸಭೆಯಲ್ಲಿ ಮಾತೇ ಆಡಿರಲಿಲ್ಲ. ಐವರೂ ಪದವಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಪ್ರಜಾಪ್ರಭುತ್ವದ ಬಗ್ಗೆ ಎರಡು ವಾರ ಚರ್ಚಿಸಿದ ಕೊಠಡಿಯಲ್ಲಿ ನಮ್ಮವರಲ್ಲೇ ಅರ್ಧದಷ್ಟು ಜನ ಮೌನವಾಗಿದ್ದುದು ಸಂಯೋಜಕನಾದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಹುಡುಗ ಎದ್ದು ನಿಂತ. ಆ ಊರು ಅವನ ಸೋದರತ್ತೆಯದು. ವಿಡಿಯೊ ಗುಂಪಿಗೆ ಹೋದರೆ ವಾರ್ಡಿನ ಸದಸ್ಯರ ಕಣ್ಣಿಗೆ ಬೀಳುತ್ತದೆ, ಮೋಟರ್ ರಿಪೇರಿಯಾಗುತ್ತದೆ ಎಂದು ನಂಬಿ ಕಳಿಸಿದ್ದ. ಮೋಟರಿನ ಮಾತು ಬಿಟ್ಟುಹೋದದ್ದು ಅವನಿಗೆ ಕಂಡಿತ್ತು. ಅದನ್ನು ಇಂಗ್ಲಿಷಿನಲ್ಲಿ ಹೇಗೆ ವಿವರಿಸುವುದೆಂದು ತೋಚದೆ ಸುಮ್ಮನಾಗಿದ್ದ. ‘ಹೇಳಾವ್ರ’ ಎಂಬ ಪದ ತಪ್ಪಾಗಿರುವುದೂ ನಮಗೆ ತಿಳಿದದ್ದು ಆಗಲೇ. ಕತ್ತರಿಸಿದವನು ಎದ್ದು ಬಂದು ಅವನ ಪಕ್ಕದಲ್ಲಿ ಕೂತ.

ಅಂದೇ ಊರಿಗೆ ಹೋಗಬೇಕಿತ್ತು. ನಾನು ತಪ್ಪು ಮಾಡಿದೆ. ಮೊದಲು ಪಂಚಾಯಿತಿಗೆ ವಿಷಾದ ಪತ್ರ ಕೊಟ್ಟು, ಅವರಿಂದ ಉತ್ತರ ಬಂದ ಮೇಲೆ ಹೋಗುವುದು ಕ್ರಮವೆಂದು ತೀರ್ಮಾನಿಸಿದೆ. ಸಂಸ್ಥೆಯ ಹೆಸರಿನ ಚಿಂತೆಯೂ ಅದರಲ್ಲಿ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಎರಡು ದಿನ ಕಳೆಯಿತು, ಆ ಎರಡು ದಿನವೂ ನೀರಗಂಟಿಯ ಮನೆಯ ಬಾಗಿಲು ಮುಚ್ಚಿತ್ತು.

ಅವರ ಮನೆಗೆ

ಮೂರನೆಯ ದಿನ ಕಳಿಸಿದವನು, ಕತ್ತರಿಸಿದವನು, ಒಪ್ಪಿಗೆ ಪತ್ರ ತುಂಬಿಸಿದ್ದ ವಿದ್ಯಾರ್ಥಿನಿ ಮತ್ತು ನಾನು ಆ ಮಹಿಳೆಯ ಮನೆಗೆ ಹೋದೆವು. ಕ್ಷಮೆ ಕೇಳಲು ಬಾಯಿ ತೆರೆಯುವುದರೊಳಗೆ ಅವರೇ ಕೇಳಿದರು: ‘ನನ್ನ ಹಂತೇಕ ಯಾಕ ಬಂದೀರಿ? ಮೊದಲ ಅವನ ಮನೀಗೆ ಹೋಗ್ರಿ.’ ನಾವು ಆಕೆಯನ್ನು ನೊಂದವರೆಂದು ತಿಳಿದು ಹೋಗಿದ್ದೆವು. ಆಕೆಗೆ ನೋವಾಗಿದ್ದದ್ದು ತನ್ನ ಮಾತು ಇನ್ನೊಬ್ಬರ ಅನ್ನಕ್ಕೆ ಕಲ್ಲಾಯಿತಲ್ಲ ಎಂದು. ಚಪ್ಪಲಿ ಮೆಟ್ಟಿಕೊಂಡು ಅವರೇ ಮುಂದೆ ನಡೆದರು. ಬಾಗಿಲು ತೆರೆದದ್ದು ಅವರ ದನಿಗೆ.

ನೀರಗಂಟಿ ಐವತ್ತರ ಆಸುಪಾಸಿನವರು. ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ಒಳಗೆ ಹೋಗಿ ಒಂದು ನೋಟ್‌ಬುಕ್ ತಂದರು, ಮಕ್ಕಳು ಶಾಲೆಗೆ ಒಯ್ಯುವಂಥದ್ದು, ಮೂಲೆಗಳು ನೀರಿಗೆ ನೆನೆದು ಉಬ್ಬಿದ್ದವು. ಪ್ರತಿ ಪುಟಕ್ಕೂ ಸ್ಕೇಲಿಟ್ಟು ಮೂರು ಅಂಕಣ ಎಳೆದಿದ್ದರು: ಓಣಿ, ವಾಲ್ವ್ ಬಿಟ್ಟ ಹೊತ್ತು, ಷರಾ. ಷರಾದ ಕೆಳಗೆ ‘ಕರೆಂಟ್ ಇಲ್ಲ’, ‘ಪೈಪ್ ಒಡೆದಿದೆ’, ಒಂಬತ್ತು ದಿನ ಸತತವಾಗಿ ‘ಮೋಟರ್ ಸುಟ್ಟಿದೆ, ತಿಳಿಸಿದೆ’. ಯಾರಿಗೆ ತಿಳಿಸಿದರೆಂದು ಕೇಳಿದಾಗ ಪಂಚಾಯಿತಿಯ ದಿಕ್ಕಿಗೆ ಕೈ ತೋರಿಸಿದರು. ಆ ಮಹಿಳೆ ಪುಟಗಳನ್ನು ತಿರುವಿ ನೋಡಿ, ‘ಇದನ್ನ ನಮಗ ಓದಿ ಹೇಳಿದ್ದರ ಸಾಕಾಗಿತ್ತಲ್ಲೋ ತಮ್ಮಾ’ ಎಂದರು. ಸಭೆಯಲ್ಲಿ ಅವರು ಕೇಳಿದ್ದು ಇದನ್ನೇ. ಉತ್ತರ ಅದೇ ಊರಿನಲ್ಲಿ, ಒಂದು ನೋಟ್‌ಬುಕ್ಕಿನಲ್ಲಿ, ದಿನಾಂಕ ಸಮೇತ ಇತ್ತು.

ಮುಂದೇನು ಮಾಡಬೇಕೆಂಬುದನ್ನು ಅವರಿಬ್ಬರೇ ನಿರ್ಧರಿಸಿದರು. ಇದು ಎರಡನೆಯ ತಿರುವು. ಆಕೆ ವಿಡಿಯೊ ಅಳಿಸುವುದು ಬೇಡ, ಪೂರ್ತಿ ಎರಡು ನಿಮಿಷ ಹತ್ತು ಸೆಕೆಂಡನ್ನೂ ಹಾಕಿ ಎಂದರು. ಎಲ್ಲವನ್ನೂ ನಾಶ ಮಾಡಬೇಕೆಂಬ ಜರ್ಮನ್ ವಿದ್ಯಾರ್ಥಿಗಳ ನಿಲುವಿಗೂ, ಅದು ಸಾರ್ವಜನಿಕವಾದ್ದರಿಂದ ಯಾರನ್ನೂ ಕೇಳಬೇಕಿಲ್ಲ ಎಂಬ ನಮ್ಮವರ ನಿಲುವಿಗೂ ಈ ಮಾತಿನಲ್ಲಿ ಜಾಗವಿರಲಿಲ್ಲ. ನೀರಗಂಟಿ ತಮ್ಮ ಮುಖ ತೋರಿಸಲು ಒಪ್ಪಲಿಲ್ಲ, ಆದರೆ ಒಂಬತ್ತು ದಿನದ ಷರಾಗಳನ್ನು ತಮ್ಮ ದನಿಯಲ್ಲೇ ಓದಿದರು. ಮಹಿಳೆಯ ಪೂರ್ಣ ಮಾತು, ಅದರ ಬೆನ್ನಿಗೆ ನೋಟ್‌ಬುಕ್ಕಿನ ಪುಟದ ಚಿತ್ರ ಮತ್ತು ಆ ಓದು, ಇಷ್ಟೇ. ಹೊಸ ವಿಡಿಯೊವನ್ನು ಸಿದ್ಧಪಡಿಸಿ ಇಬ್ಬರಿಗೂ ತೋರಿಸಿದೆವು. ನೀರಗಂಟಿ ಒಂದು ಕಡೆ ನಿಲ್ಲಿಸಿ, ಪುಟದ ಮೇಲ್ಭಾಗದಲ್ಲಿ ಕಾಣುತ್ತಿದ್ದ ಪಂಪ್ ಆಪರೇಟರನ ಫೋನ್ ಸಂಖ್ಯೆಯನ್ನು ತೆಗೆಸಿದರು. ನಾವು ನಾಲ್ವರೂ ಅದನ್ನು ಗಮನಿಸಿರಲಿಲ್ಲ.

ಅದು ಅದೇ ಯುವಕರ ಗುಂಪಿನಿಂದಲೇ ಹೋಯಿತು. ಕರೆಗಳು ಒಂದು ವಾರದಲ್ಲಿ ನಿಂತವು, ನೀರಗಂಟಿ ಕೆಲಸಕ್ಕೆ ಮರಳಿದರು. ಆದರೆ ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಪೂರ್ಣ ವಿಡಿಯೊ ಊರಿನ ಗುಂಪುಗಳನ್ನು ದಾಟಿ ದೂರ ಹೋಗಲಿಲ್ಲ. 43 ಸೆಕೆಂಡಿನ ತುಣುಕು ಮಾತ್ರ ನಾಲ್ಕು ತಿಂಗಳ ಮೇಲೆ ಬೇರೊಂದು ತಾಲ್ಲೂಕಿನ ಗುಂಪಿನಲ್ಲಿ, ಬೇರೊಂದು ಊರಿನ ಹೆಸರಿನಲ್ಲಿ ನಮ್ಮ ವಿದ್ಯಾರ್ಥಿನಿಯ ಕಣ್ಣಿಗೆ ಬಿತ್ತು.

ಮೇ ತಿಂಗಳ ಪ್ರಯಾಣ

ತುಣುಕು ಕಳಿಸಿದ ಹುಡುಗನನ್ನು ಜರ್ಮನಿಯ ಪ್ರವಾಸದಿಂದ ಕೈಬಿಡಬೇಕೆಂಬ ಸಲಹೆ ಎರಡೂ ಕಡೆಯಿಂದ ಬಂದಿತ್ತು. ನಾನೂ ಜರ್ಮನ್ ಪ್ರಾಧ್ಯಾಪಕಿಯೂ ಅದನ್ನು ಒಪ್ಪಲಿಲ್ಲ. ಕತ್ತರಿಸಿದವನಿಗೆ ಇಲ್ಲದ ಶಿಕ್ಷೆ ಕಳಿಸಿದವನಿಗೆ ಏಕೆ ಎಂಬ ಪ್ರಶ್ನೆಗೆ ಯಾರಲ್ಲೂ ಸಮಾಧಾನಕರ ಉತ್ತರವಿರಲಿಲ್ಲ. ಅವನು ಬಂದ.

ನಾವು ಅಲ್ಲಿದ್ದಾಗಲೇ ಮೇ 23ರಂದು ಇಲ್ಲಿ ಲೋಕಸಭೆಯ ಫಲಿತಾಂಶ, 26ರಂದು ಅಲ್ಲಿ ಯುರೋಪಿಯನ್ ಸಂಸತ್ತಿನ ಮತದಾನ. ಆ ಮತದಾನಕ್ಕೆ ಎಂಟು ದಿನ ಮೊದಲು ರೆಜೊ ಎಂಬ ಜರ್ಮನ್ ಯುವ ಯೂಟ್ಯೂಬರ್ ಅಲ್ಲಿನ ಆಳುವ ಪಕ್ಷವನ್ನು ಟೀಕಿಸಿ ಸುಮಾರು 55 ನಿಮಿಷಗಳ ವಿಡಿಯೊ ಹಾಕಿದ್ದ. ಲಕ್ಷಾಂತರ ಜನ ಅದನ್ನು ನೋಡಿದರು. ಮತದಾನದ ಮರುದಿನ ಆ ಪಕ್ಷದ ಅಧ್ಯಕ್ಷೆ, ಚುನಾವಣೆಯ ಹೊತ್ತಿನ ಅಭಿಪ್ರಾಯ ರೂಪಿಸುವಿಕೆಗೆ ಡಿಜಿಟಲ್ ಲೋಕದಲ್ಲಿ ಯಾವ ನಿಯಮಗಳು ಇರಬೇಕೆಂಬ ಪ್ರಶ್ನೆ ಎತ್ತಿ, ವಾಕ್ ಸ್ವಾತಂತ್ರ್ಯಕ್ಕೆ ಕೈಹಾಕುತ್ತಿದ್ದಾರೆಂಬ ಟೀಕೆಗೆ ಗುರಿಯಾದರು. ನಮ್ಮ ವಿದ್ಯಾರ್ಥಿಗಳು ಈ ರಾಜಕೀಯಕ್ಕಿಂತ ಹೆಚ್ಚಾಗಿ ಗಮನಿಸಿದ್ದು ಎರಡು ಸಂಗತಿಗಳನ್ನು: 55 ನಿಮಿಷದ ವಿಡಿಯೊವನ್ನೂ ಯುವಜನ ಕೂತು ನೋಡುತ್ತಾರೆ ಎಂಬುದು, ಮತ್ತು ಆತ ತನ್ನ ಆಧಾರಗಳ ಉದ್ದನೆಯ ಪಟ್ಟಿಯನ್ನು ವಿಡಿಯೊದ ಜೊತೆಗೇ ಕೊಟ್ಟಿದ್ದ ಎಂಬುದು. ಜನರಿಗೆ ಸಹನೆಯಿಲ್ಲ, ಚಿಕ್ಕದಾಗಿ ಕತ್ತರಿಸಿ ಎಂದು ತರಗತಿಯಲ್ಲಿ ಕಲಿಸುತ್ತಿದ್ದವನು ನಾನೇ.

ಆ ವಾರ ಪೇಟೆಯ ಚೌಕದಲ್ಲಿ ಪಕ್ಷಗಳ ಪ್ರಚಾರ ಮಳಿಗೆಗಳ ಬಳಿ ಜನರನ್ನು ಮಾತನಾಡಿಸುವ ಕೆಲಸವಿತ್ತು. ನಮ್ಮ ಹುಡುಗ ಮತ್ತು ಕತ್ತರಿಸಿದವನು ಒಂದೇ ತಂಡ. ಮಾತು ಮುಗಿದ ಕೂಡಲೇ ಅಲ್ಲೇ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಕತ್ತರಿಸಿದ ಭಾಗವನ್ನು ಮಾತನಾಡಿದವರಿಗೆ ತೋರಿಸಿ, ಇದು ನೀವು ಹೇಳಿದ್ದೇ ಎಂದು ಕೇಳುತ್ತಿದ್ದರು. ವೃದ್ಧೆಯೊಬ್ಬರು ಮೂರು ಸಲ ಬದಲಾಯಿಸಿದರು. ಉಳಿದ ತಂಡಗಳು ಹತ್ತು ಹನ್ನೆರಡು ತುಣುಕು ತಂದಾಗ ಇವರ ಬಳಿ ಮೂರೇ ಇದ್ದವು.

ಈ ಪ್ರಕರಣದಿಂದ ಬದಲಾದದ್ದು

ಒಪ್ಪಿಗೆಯನ್ನು ನಾವೀಗ ಎರಡು ಸಲ ಕೇಳುತ್ತೇವೆ: ಚಿತ್ರೀಕರಣಕ್ಕೆ ಮೊದಲು ಒಮ್ಮೆ, ಕತ್ತರಿಸಿದ ಮೇಲೆ ಇನ್ನೊಮ್ಮೆ, ಮತ್ತು ಎರಡನೆಯದೇ ಮುಖ್ಯ. ಸಭೆಯಲ್ಲಿ ಮಾತನಾಡಿದವರಿಗೆ ತಾವು ಏನು ಹೇಳಿದೆವೆಂಬುದು ಗೊತ್ತಿರುತ್ತದೆ, ನಾವು ಅದನ್ನು ಏನು ಮಾಡಿದ್ದೇವೆಂಬುದು ಗೊತ್ತಿರುವುದಿಲ್ಲ. ಪತ್ರದ ಭಾಷೆಯನ್ನೂ ಬದಲಿಸಿದೆವು. ಈಗ ಅದು ‘ನೀವು ಮಾತಾಡಿದ್ದನ್ನು ಮೊಬೈಲಿನಲ್ಲಿ ಹಾಕುತ್ತೇವೆ. ಊರವರೂ ಹೊರಗಿನವರೂ ನೋಡುತ್ತಾರೆ. ಒಮ್ಮೆ ಹೋದ ಮೇಲೆ ವಾಪಸ್ ತರಲು ನಮ್ಮಿಂದ ಆಗುವುದಿಲ್ಲ’ ಎಂದು ಆರಂಭವಾಗುತ್ತದೆ. ಕೊನೆಯ ವಾಕ್ಯವನ್ನು ಓದಿ ಕೆಲವರು ಬೇಡವೆನ್ನುತ್ತಾರೆ.

ಚಿತ್ರದಲ್ಲಿ ಕಾಣದ, ಆದರೆ ಮಾತಿನಲ್ಲಿ ಬರುವ ವ್ಯಕ್ತಿ ಯಾರು ಎಂಬ ಪ್ರಶ್ನೆಗೆ ಪ್ರತಿ ತಂಡವೂ ಸಂಕಲನಕ್ಕೆ ಮೊದಲು ಉತ್ತರ ಬರೆಯಬೇಕು. ನಮ್ಮ 31 ಒಪ್ಪಿಗೆ ಪತ್ರಗಳಲ್ಲಿ ನೀರಗಂಟಿಯದು ಇರಲಿಲ್ಲ, ಇರಬೇಕೆಂದು ಯಾವ ಕಾನೂನೂ ಹೇಳುತ್ತಿರಲಿಲ್ಲ. ಚರ್ಚೆಯ ಭಾಷೆಯ ವಿಷಯದಲ್ಲಿ ಮಾತ್ರ ನನಗೆ ಪೂರ್ತಿ ತೃಪ್ತಿಯಿಲ್ಲ. ದಿನಕ್ಕೊಂದು ಅವಧಿಯನ್ನು ಕನ್ನಡದಲ್ಲಿ ನಡೆಸಿ ಜರ್ಮನ್ನರಿಗೆ ಅನುವಾದ ಒದಗಿಸುವ ಕ್ರಮ ತಂದೆವು. ಅವರ ಊರಿನಲ್ಲಿ ಜರ್ಮನ್‌ಗೂ ಹಾಗೆಯೇ. ವೇಗ ಅರ್ಧಕ್ಕಿಳಿಯುತ್ತದೆ, ಅತಿಥಿ ಉಪನ್ಯಾಸಕರು ಬೇಸರಪಡುತ್ತಾರೆ. ಆದರೂ ಇದನ್ನು ಬಿಡಬಾರದೆಂದೇ ನಾನು ವಾದಿಸುತ್ತ ಬಂದಿದ್ದೇನೆ, ಏಕೆಂದರೆ ಆ 43 ಸೆಕೆಂಡನ್ನು ತಡೆಯಬಲ್ಲ ಮಾಹಿತಿ ಇದ್ದದ್ದು ಇಂಗ್ಲಿಷಿನಲ್ಲಿ ಹೇಳಲು ಹಿಂಜರಿದ ಒಬ್ಬನ ಬಳಿ.

ಪಂಚಾಯಿತಿಯ ಗೋಡೆಗೆ ಆ ಫೆಬ್ರುವರಿಯಲ್ಲೇ ಒಂದು ಕಪ್ಪು ಹಲಗೆ ಬಂತು. ನಾಳೆ ಯಾವ ಓಣಿಗೆ ನೀರು, ಎಷ್ಟು ಹೊತ್ತಿಗೆ ಎಂದು ನೀರಗಂಟಿ ಪ್ರತಿ ಸಂಜೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಯುವಕರ ಗುಂಪಿನವರು ಅದರ ಫೋಟೊ ತೆಗೆದು ಕಳಿಸುತ್ತಿದ್ದರು. ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರ್ ಬರತೊಡಗಿದ ಮೇಲೆ ಬರೆಯುವುದು ನಿಂತಿತು. ಜೂನ್‌ನಲ್ಲಿ ನಾನು ಹೋದಾಗ ಹಲಗೆಯ ಮೇಲೆ ಏಪ್ರಿಲ್‌ನ ಒಂದು ದಿನಾಂಕವೇ ಉಳಿದಿತ್ತು. ಆ ಮಹಿಳೆ ಪಂಚಾಯಿತಿಯ ಕಟ್ಟೆಯ ಮೇಲೆ ಕೂತಿದ್ದರು, ಟ್ಯಾಂಕರ್ ಎಂದು ಬರುತ್ತದೆ ಎಂಬುದನ್ನೂ ಅದೇ ಹಲಗೆಯ ಮೇಲೆ ಬರೆಯಬೇಕೆಂದು ಪಿಡಿಒ ಅವರಿಗೆ ಅರ್ಜಿ ಕೊಡಲು.